ಈ ಸಲದ ಹೂಳು

ಬೆಳಿಗ್ಗೆ ಬೈತ್‌ಖೋಲಕ್ಕೆ ನಡೆಯುವಾಗ ಕಡಲು ನನ್ನ ಬಲಕ್ಕೆ,
ಕೇಳುತ್ತದೆ.
ಸಂಜೆ ಊರಿಗೆ ಮರಳುವಾಗ ಎಡಕ್ಕೆ.
ಆಗ ತಿರುಗಿ ನೋಡಬೇಕು, ಇದೆಯೋ ಇಲ್ಲವೋ ಅಂತ.

ಶುರುವಾದದ್ದು ಫೋನಿನಿಂದ.
ಎಡಗಿವಿಗೆ ಹಿಡಿದರೆ ಸುಲಭಾಳ ದನಿ
ಮಾತಾಗಿ ಬರದೆ ಬರಿ ಸದ್ದಾಗಿ ಬರುತ್ತಿತ್ತು,
ಗೋಡೆಯಾಚೆ ಯಾರೋ ಮಸಾಲೆ ಅರೆದ ಹಾಗೆ.
ಹ್ಯಾಂಡ್‌ಸೆಟ್ಟೇ ಹಾಳು ಅಂತ ಎರಡು ಸಲ ಬದಲಿಸಿದೆ.

ನಾನು ಬಂದರಿನಲ್ಲಿ ಆಳ ನೋಡುವವನು.
ಮಳೆಗಾಲದಲ್ಲಿ ಕಾಳಿ ಹೊತ್ತು ತಂದದ್ದೆಷ್ಟು,
ಹಡಗಿನ ತಳಕ್ಕೂ ಕೆಸರಿಗೂ ನಡುವೆ ನೀರೆಷ್ಟು,
ಪ್ರತಿ ಅಕ್ಟೋಬರಿಗೆ ಗೆರೆ ಹಿಡಿದು ದೋಣಿ ಓಡಿಸಿ
ಸದ್ದು ಕೆಳಗಿಳಿಸಿ
ಮರಳಿ ಬಂದದ್ದನ್ನು ಬರೆದುಕೊಳ್ಳುವವನು.
ಈಗ ಅದೇ ಅಕ್ಟೋಬರಿಗೆ
ಹುಬ್ಬಳ್ಳಿಯಲ್ಲಿ ನನ್ನನ್ನು ಅಳೆಯುತ್ತಾರೆ.

ಅರಬೈಲ್ ಘಟ್ಟದಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂರುತ್ತೇನೆ.
ಬಸ್ಸು ತಿರುಗಿ ಮುಗಿಸಿದ ಮೇಲೂ
ನಾನಿನ್ನೂ ತಿರುಗುತ್ತಿರುತ್ತೇನೆ.
ಇಪ್ಪತ್ತೆಂಟು ವರ್ಷ ದೋಣಿಯಲ್ಲಿ ಒಮ್ಮೆಯೂ ಕಕ್ಕದವನು
ಯಲ್ಲಾಪುರದಲ್ಲಿಳಿದು ಲಿಂಬು ಸೋಡಾ ಕೇಳುತ್ತೇನೆ.

"ಉಂಗುರ, ಸರ, ಹಲ್ಲಿನ ಕ್ಲಿಪ್ಪು?" ಅನ್ನುತ್ತಾನೆ ಮಷೀನಿನ ಹುಡುಗ.
ಎರಡೂ ಕಿವಿಗೆ ಹತ್ತಿ ತುರುಕುತ್ತಾನೆ.
ಎಡಕ್ಕೆ ಬೇಡ ಮಾರಾಯ, ದೇವರೇ ತುರುಕಿದ್ದಾನೆ ಅಂದರೆ
ನಗುವುದಿಲ್ಲ. ರೂಲ್ಸು ಸರ್.
ಆಮೇಲೆ ಬಡಿತ.
ಕೋಡಿಬಾಗದಲ್ಲಿ ದೋಣಿ ಹಲಗೆಗೆ ಮೊಳೆ ಹೊಡೆದ ಹಾಗೆ,
ನಿಂತು, ಲಯ ಬದಲಿಸಿ, ಮತ್ತೆ.
ನಡುವೆ ತೋಳಿನ ಸೂಜಿಯಲ್ಲಿ ತಣ್ಣಗೆ ಏನೋ ಹರಿದು
ತಲೆಯೊಳಗೆ ಅದೊಂದಕ್ಕೆ ಮಾತ್ರ ದೀಪ ಹಚ್ಚುತ್ತದೆ.

ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು.
ಮೊದಲ ವರ್ಷ ಹನ್ನೊಂದು ಮಿಲಿಮೀಟರ್.
ಮರುವರ್ಷ ಹನ್ನೊಂದೂವರೆ.
ಈ ಸಲ ಹನ್ನೆರಡು.
"ಕ್ಯಾನ್ಸರ್ ಅಲ್ಲ," ಡಾಕ್ಟರಮ್ಮ ಪ್ರತಿ ವರ್ಷವೂ ಅಲ್ಲಿಂದಲೇ ಶುರುಮಾಡುತ್ತಾರೆ.
"ಬೆಳೆದಿರಬಹುದು, ಅಳೆದವರ ಕೈಯೂ ಇರಬಹುದು.
ಎರಡು ದಾಟಲಿ, ಮಾತಾಡೋಣ."

ಅದನ್ನು ನನಗೆ ಹೇಳಬೇಕಿಲ್ಲ.
ಒಂದು ವರ್ಷ ನಾನೇ ಬರೆದಿದ್ದೆ:
ಎರಡನೇ ಬರ್ತಿನ ಬಾಯಲ್ಲಿ ಒಂದಡಿ ಹೂಳು.
ಡ್ರೆಜರ್ ಬಂತು, ಒಂಬತ್ತು ದಿನ ನಿಂತಿತು, ದಿನಕ್ಕಿಷ್ಟು ಲಕ್ಷ,
ಅದರ ಹೊಟ್ಟೆಗೆ ಸಿಕ್ಕಿದ್ದು ನೀರು, ಏಡಿ, ಒಂದು ಹರಿದ ಬಲೆ.
ಭರತದ ಅಳತೆಗೋಲನ್ನು ತಪ್ಪು ಓದಿದ್ದೆ.
ಯಾರೂ ಬೈಯಲಿಲ್ಲ. ಕಡತ ಮುಚ್ಚಿತು.
ಇದನ್ನು ಸುಲಭಾಳಿಗೂ ಹೇಳಿಲ್ಲ,
ಡಾಕ್ಟರಮ್ಮನಿಗೆ ಯಾಕೆ ಹೇಳಿದೆನೋ.

ಅವರು ಪೆನ್ನಿನ ತುದಿಯಲ್ಲಿ ತೋರಿಸಿದರು:
ಗಂಟಿಗೆ ಒತ್ತಿಕೊಂಡೇ ಇನ್ನೊಂದು ನರ, ಕೂದಲೆಳೆಯಂಥದು.
ರೆಪ್ಪೆ ಮುಚ್ಚುವುದು, ಬಾಯಿ ಮುಕ್ಕಳಿಸುವುದು, ನಗು,
ಎಲ್ಲದರ ಸಾಗಾಟ ಅದರ ಮೇಲೆ.
"ಇಲ್ಲಿಗೆ ಡ್ರೆಜರ್ ಸುಮ್ಮನೆ ಕರೆಸೋ ಹಾಗಿಲ್ಲ, ಅಲ್ವಾ?"

ನಮ್ಮ ಉಗ್ರಾಣದಲ್ಲಿ ಈಗಲೂ ಒಂದು ಸೀಸದ ಗುಂಡಿದೆ,
ನನಗಿಂತ ಮುಂಚಿನವರದು.
ಅದರ ಬುಡದ ಗುಳಿಗೆ ಕೊಬ್ಬು ಮೆತ್ತಿ ಹಗ್ಗ ಬಿಟ್ಟರೆ
ತಳದ ಚೂರು ಅಂಟಿಕೊಂಡು ಬರುತ್ತಿತ್ತಂತೆ:
ಮರಳೋ, ಜೇಡಿಯೋ, ಒಡೆದ ಚಿಪ್ಪೋ.
ಬೆರಳಲ್ಲಿ ಉಜ್ಜಿ ನೋಡಬಹುದಿತ್ತು.
ಇದು ಹುಣಸೆಬೀಜದಷ್ಟು ಬಿಳುಪು, ಅಷ್ಟೇ,
ಕಪ್ಪು ಹಾಳೆಯ ಮೇಲೆ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತು.
ಸುಲಭಾ ಬಾಗಿಲು ತೆಗೆದಳು, ಚೀಲ ತಗೊಂಡಳು,
ಏನೂ ಕೇಳಲಿಲ್ಲವಲ್ಲ ಅಂದುಕೊಂಡೆ.
ಆಮೇಲೆ ನನ್ನನ್ನು ಸುತ್ತಿ ಬಲಕ್ಕೆ ಬಂದು ನಿಂತು
"ಕಿತ್ಲೆ?" ಅಂದಳು, ಎರಡನೇ ಸಲ.

ಹನ್ನೆರಡು, ಅಂದೆ.
ಹೆಬ್ಬೆರಳು ತೋರುಬೆರಳ ನಡುವೆ ಅಷ್ಟು ಜಾಗ ಬಿಟ್ಟು
ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿದಳು.
ಇಷ್ಟೇನಾ, ಅಂದಳು.

ಸ್ವಲ್ಪ ಕಡಿಮೆಯೇ ಹಿಡಿದಿದ್ದಳು.
ನಾನು ತಿದ್ದಲಿಲ್ಲ.