ಪಿನ್ನಿನ ಲೆಕ್ಕ

ಸಾಹೇಬ್ರ, ನೀವು ಕೇಳಿದ್ದು ಬರಾಬರಿ ಅದ.
ಇಪ್ಪತ್ತಾರು ವರ್ಷದ ಇಂಡೆಂಟಿನಾಗ ಕಾಗದಕ್ಕಿಂತ
ಸ್ಟೇಪ್ಲರ್ ಪಿನ್ನೇ ಹೆಚ್ಚು.
ಆಳಂದ ರಸ್ತೆದ ಈ ಸಣ್ಣ ಆಫೀಸಿನಾಗ
ಇಷ್ಟು ಪಿನ್ನು ಯಾವ ಫೈಲಿಗೆ ಹೊಡದ್ರಿ ಅಂತೀರಿ.

ಫೈಲಿಗಲ್ರಿ. ಎಲಿಗೆ.

ಹೂಗಾರ ಮೇಡಂ ಬಂದ ವರ್ಷ ನಾನು ದಿನಗೂಲಿ.
ಹೆಸರು ಹೂಗಾರ, ಹುಡುಕೋದು ಹೂ ಬಿಡಲಾರದ ಗಿಡ,
ಅಂತ ನಗತಿದ್ದೆವು ಬೆನ್ನ ಹಿಂದ.
ರೋಗ ಹತ್ತಿದ ತೊಗರಿ ಎಲಿ ಒಂದು ತಂದು
ಹದಿನೈದು ದಿನದ ಸಸಿಯ ಎಲಿಗೆ ಮಡಚಿಟ್ಟು
ಟಕ್.
ಹಳೇ ಎಲಿ ಒಣಗತದ, ನುಸಿ ಹಸಿದು ಈ ಕಡಿ ದಾಟತದ,
ಅದರ ಬಾಯಾಗ ಕೂತು ರೋಗ ದಾಟತದ.
ಒಂದು ಸಾಲಿಗೆ ನಲವತ್ತು ಸಸಿ. ಸಾಲು ಎಷ್ಟಂತ ಕೇಳಬ್ಯಾಡ್ರಿ.
ನಿದ್ದ್ಯಾಗೂ ನನ್ನ ಹೆಬ್ಬಟ್ಟು ಒತ್ತತಿತ್ತಂತ,
ಹೆಂಡತಿ ಹೇಳತಾಳ.

ಸಾಯೋ ಗಿಡ ಅಲ್ಲ ಅದು, ಅದೇ ಮೋಸ.
ಮಗ್ಗುಲಿನವು ಹಳದಿ ಹೂ ಉದುರಿಸಿ, ಕಾಯಿ ಕಟ್ಟಿ, ಒಣಗಿ ನಿಂತಾಗ
ಇದು ಮಾತ್ರ ಹಚ್ಚಗ, ಪೊದಿ ಪೊದಿ,
ಪುಷ್ಯದಾಗೂ ಶ್ರಾವಣ.
ಊರ ಮಂದಿ ಗೊಡ್ಡು ಅಂತಾರ.
ನಾವೂ ಹಂಗೇ ಅಂತಿದ್ದೆವು,
ಮಾಡಿಯಾಳದ ಗುರಬಾಯಿ ಹೊಲಕ್ಕ ಹೋಗೋತನಕ.

ಬದುವಿನ ಮ್ಯಾಲ ಒಂದೇ ಗಿಡ, ಆಳೆತ್ತರ.
ಕೀಳಬೇಕವ್ವ, ಮುಂದಿನ ವರ್ಷದ ರೋಗ ಇದರಾಗೇ ಕೂತಿರತದ,
ಅಂದ್ರು ಮೇಡಂ.
ಗುರಬಾಯಿ ಗಿಡಕ್ಕ ಬೆನ್ನು ಕೊಟ್ಟು ನಿಂತಳು:
"ಕಾಯಿ ಆಗಲಿಲ್ಲಂತ ಕೀಳತೀರೇನ್ರಿ?
ಮೂವತ್ತು ವರ್ಷ ಆತು, ನನ್ನ ಯಾರೂ ಕೀಳಲಿಲ್ಲಲ್ಲ."

ಮೇಡಂ ಭಾಳ ಹೊತ್ತು ಬದುವಿನ ಮ್ಯಾಲೇ ಕೂತ್ರು.
ಆಮ್ಯಾಲ ಒಂದು ಟೊಂಗಿ ಮುರಕೊಂಡು
ಗುರಬಾಯಿನ್ನ ಜೀಪಿನಾಗ ಕೂಡಿಸಿ ಲ್ಯಾಬಿಗೆ ಕರತಂದು
ದುರ್ಬೀನಿಗೆ ಕಣ್ಣು ಹಚ್ಚಿಸಿದ್ರು.
"ಅಯ್ಯ! ನಡೀಲಿಕ್ಕತ್ಯಾವ!"
"ಗಾಳಿ ಇವನ್ನ ತರತದ, ಇವು ರೋಗ ತರತಾವ.
ಗಿಡ ಏನೂ ಮಾಡಿಲ್ಲ, ಗುರಬಾಯಿ."
"ಹಂಗಾದ್ರ ಗೊಡ್ಡು ಅಂತ ಯಾಕ ಬರೀತೀರಿ?"

ತಿರುಗಿ ಹೋಗಿ ಆ ಗಿಡ ತಾನೇ ಕಿತ್ತಳು,
ಬೇರಿನ ಮಣ್ಣು ಝಾಡಿಸಿ, ಮೆಲ್ಲಕ.

ಆ ವರ್ಷದ ಕರಪತ್ರದಾಗ ಮೇಡಂ
"ಹೂ ತಡೆಯೋ ನುಸಿರೋಗ" ಅಂತ ಬರದ್ರು.
ಮ್ಯಾಲಿನ ಆಫೀಸು ಕೆಂಪು ಶಾಯಿ ಹಚ್ಚಿ ವಾಪಸ್ ಕಳಿಸ್ತು:
ರೂಢಿಯ ಹೆಸರನ್ನೇ ಬಳಸತಕ್ಕದ್ದು.
ಮತ್ತ ಕಳಿಸಿದ್ರು. ಮತ್ತ ಬಂತು.
ಆ ಕಾಗದಕ್ಕೂ ಹತ್ತು ಪಿನ್ನು ಹೋಗಿರಬೇಕು, ಬರಕೋರಿ.

ನಡುವ ಶಹಾಪುರದ ಕಡಿ ಕಾಲುವಿ ಭತ್ತಕ್ಕ ಅಂಗಮಾರಿ ಬಿತ್ತು.
ಯಾರದೋ ಮನಿ ಚಾದ ಗ್ಲಾಸಿನಾಗ ನೀರು ಹಾಕಿಸಿ
ಕೊಯ್ದ ಎಲಿ ಅದ್ದಿ ತೋರಿಸಿದ್ರು:
ಕೊಯ್ದಲ್ಲಿಂದ ಹಾಲಿನಂಥ ಎಳಿ ಇಳೀತಿತ್ತು, ಸುಮ್ಮಕ.
ಅಷ್ಟೂ ದುಂಡಾಣು, ಅಂದ್ರು.
ಆ ಗ್ಲಾಸು ಕುದಿನೀರಾಗ ತೊಳಿಸಿ
ಅದರಾಗೇ ಚಾ ಕುಡದು ಬಂದೆವು.
ಅಲ್ಲಿ ಪಿನ್ನು ಖರ್ಚಾಗಿಲ್ಲ.

ತೊಗರಿ ವೈರಸ್ಸಿನ ಮಾರಿ ಕಡಿಗೂ ಕಂಡಿದ್ದು
ಬ್ಯಾರೆ ಊರಿನ ಲ್ಯಾಬಿನವರಿಗೆ.
ಆ ಪತ್ರಿಕಿ ಬಂದ ದಿನ ಮೇಡಂ ಬಾಗಲಾ ಹಾಕ್ಕೊಂಡು ಒಂದು ತಾಸು ಕೂತ್ರು.
ಸಂಜಿಗೆ ಒಂದು ಕಿಲೋ ಮಾಲಪುರಿ ತರಿಸಿ
ವಾಚ್‌ಮನ್ನಿಗೂ ಬಿಡದಂಗ ಹಂಚಿದ್ರು.
ತಾವು ತಿನ್ನಲಿಲ್ಲ. ಸಕ್ಕರಿ ಕಾಯಿಲಿ ಅಂದ್ರು.
ಆವಾಗ ಅವರಿಗೆ ಸಕ್ಕರಿ ಕಾಯಿಲಿ ಇದ್ದಿದ್ದಿಲ್ಲ.

ಹೋದ ತಿಂಗಳು ರಿಟೈರ್ ಆದ್ರು.
ಸ್ಟೇಪ್ಲರ್ ನನಗ ಕೊಟ್ಟು ಹೋಗ್ಯಾರ, ಇಲ್ಲೇ ಜೇಬಿನಾಗದ,
ಬೇಕಾದ್ರ ಜಮಾ ಮಾಡಕೋರಿ.
ಆದ್ರ ಒಮ್ಮಿ ಬರ್ರಿ, ಏಳನೇ ಸಾಲು ತೋರಸತೀನಿ.
ಅಲ್ಲೊಂದು ಗಿಡಕ್ಕ ಮೂರು ಸಲ ಹೊಡದದ.
ಒಣ ಎಲಿ ಉದುರಿ, ಪಿನ್ನು ಬುಡದಾಗ ತುಕ್ಕು ಹಿಡದು ಬಿದ್ದಾವ.
ಎಣಿಸಕೋರಿ, ಮೂರೇ.

ಮ್ಯಾಲ ಕೈ ಹಚ್ಚಬ್ಯಾಡ್ರಿ ಮತ್ತ,
ಜೇನು ಕೂತದ.