ಇಂಟು, ಸೊನ್ನೆ

ವಾರಕ್ಕೊಂದು ಚೀಟಿ, ಚೀಟಿಗೆ ಏಳು ಚೌಕ.
ದುಡಿದ ದಿನಕ್ಕೆ ಇಂಟು, ದುಡಿಯದ ದಿನಕ್ಕೆ ಸೊನ್ನೆ.
ಶಾಲೆಯಲ್ಲಿ ಸಿಸ್ಟರ್ ಕನ್ಸೆಪ್ಟಾ ಕೆಂಪು ಶಾಯಿಯಲ್ಲಿ
ತಪ್ಪಿಗೆ ಹಾಕುತ್ತಿದ್ದದ್ದು ಇದೇ ಇಂಟು.
ಐವತ್ತಾರು ತುಂಬಿದ ಮೇಲೆ ತಿಳಿಯಿತು ನನಗೆ
ದುಡಿದದ್ದೇ ತಪ್ಪು,
ದುಡ್ಡು ಬರುವುದು ಸೊನ್ನೆಗೆ.

ರತ್ನಗಂಬಳಿ ಕಾರ್ಖಾನೆ ಇದ್ದಾಗ ಹೀಗಿರಲಿಲ್ಲ.
ಎಂಟಕ್ಕೊಂದು ಸೈರನ್ನು, ಐದಕ್ಕೊಂದು ಸೈರನ್ನು,
ನಡುವೆ ಉಣ್ಣೆಯ ಧೂಳು, ನೂರು ಹೆಂಗಸರ ಕೆಮ್ಮು,
ಮಗ್ಗದ ಸದ್ದನ್ನೂ ಮೀರಿ ಅಟ್ರಾಕ್ಟಾಳ ಪೋಲಿ ಜೋಕು.
ದಿನ ಅಂದರೆ ದಿನ. ಯಾರೂ ಅದನ್ನು
ಚೌಕಕ್ಕೆ ಸರಿಯಾಗಿ ಕತ್ತರಿಸಿ ಕೊಡುತ್ತಿರಲಿಲ್ಲ.

ಈಗ ಹಾರ್ಬರ್ ಹೋಟೆಲಿನ ಫಿಂಟನ್ ಫೋನು ಮಾಡುತ್ತಾನೆ,
ಮಾಡಿದರೆ ಮಾಡಿದ, ಇಲ್ಲದಿದ್ದರೆ ಇಲ್ಲ.
ಹುಡುಗ ಕೆಟ್ಟವನಲ್ಲ.
"ಬರ್ತೀಯಾ ನೂಲಾ? ಎರಡೇ ಗಂಟೆ."
ಎರಡು ಗಂಟೆ ದುಡಿದರೂ ಒಂದು ದಿನ,
ಹನ್ನೆರಡು ಗಂಟೆ ದುಡಿದರೂ ಒಂದು ದಿನ;
ಸರ್ಕಾರದ ಗಡಿಯಾರಕ್ಕೆ ಮುಳ್ಳುಗಳಿಲ್ಲ.
ಮೂರು ಇಂಟಿನವರೆಗೆ ಸೈ.
ನಾಲ್ಕನೆಯದು ಬಿತ್ತೋ, ಉಳಿದ ಸೊನ್ನೆಗಳೆಲ್ಲ
ನಿಜಕ್ಕೂ ಸೊನ್ನೆ.

ಕಳೆದ ವಾರ.
ಮಂಗಳವಾರ, ಇಂಟು: ನಲವತ್ತು ಹಾಸಿಗೆಯ ಬೆಡ್‌ಶೀಟು.
ಬುಧವಾರ, ಇಂಟು: ಬಸ್ಸು ತುಂಬ ಜರ್ಮನ್ ಮುದುಕರು,
ಒಬ್ಬೊಬ್ಬರಿಗೂ ಬೇರೆ ಬೇರೆ ಥರ ಬೆಂದ ಮೊಟ್ಟೆ.
ಗುರುವಾರ, ಇಂಟು: ಬರೀ ಒಂದೂವರೆ ಗಂಟೆ,
ಯಾರೋ ಕುಡಿದು ಕಕ್ಕಿದ್ದ ಮೆಟ್ಟಿಲು.
ಎಂಟನೆಯ ಮೆಟ್ಟಿಲು ಒರೆಸುವಾಗ ಸುದ್ದಿ ಬಂತು,
ಅಟ್ರಾಕ್ಟಾ ಹೋದಳಂತೆ, ಬೆಳಗಿನ ಜಾವ.
ಇನ್ನೂ ಆರು ಮೆಟ್ಟಿಲಿತ್ತು. ಒರೆಸಿದೆ.

ಶುಕ್ರವಾರ ಫಿಂಟನ್: "ನಾಳೆ ಮಣ್ಣಿನ ಊಟ, ಎಂಬತ್ತು ಜನ.
ಸೂಪು, ಸ್ಯಾಂಡ್‌ವಿಚ್ಚು, ಅಷ್ಟೇ."
ಯಾರ ಮಣ್ಣು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
"ಇಲ್ಲ ಕಣಪ್ಪಾ," ಅಂದೆ,
"ನಾಳೆ ನಾನು ಅಳುವವರ ಕಡೆಯವಳು."
ಅಷ್ಟು ಹೇಳಿ, ಫೋನಿಟ್ಟು, ಬೆರಳು ಮಡಚಿ
ಇಂಟುಗಳನ್ನು ಎಣಿಸಿದೆ. ಮೂರೇ.
ಗೆಳತಿ ಸತ್ತ ಮಾರನೆಯ ದಿನ
ನಾನು ಎಣಿಸಿದ್ದು ಇದನ್ನು.

ಶನಿವಾರ ಸ್ಮಶಾನದಲ್ಲಿ ಸಮುದ್ರದ ಕಡೆಯಿಂದ
ಅಡ್ಡಗಾಳಿ. ಪಾದ್ರಿಯ ಮಾತು ಅರ್ಧ ಗಾಳಿಗೆ ಹೋಯಿತು,
ಅವಳಿದ್ದಿದ್ದರೆ ಇನ್ನರ್ಧಕ್ಕೆ ನಗುತ್ತಿದ್ದಳು.

ಹೋಟೆಲಿನ ಹಾಲಿನಲ್ಲಿ ಹೊಸ ಹುಡುಗನೊಬ್ಬ,
ಹದಿನೇಳಿರಬೇಕು, ಎಂಬತ್ತು ಜನಕ್ಕೆ ಒಬ್ಬನೇ.
ಟ್ರೇ ನಡುಗುತ್ತಿತ್ತು. ಸೂಪಿನ ಮೇಲೆ ಕೆನೆ ಕಟ್ಟುತ್ತಿತ್ತು.
ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.
ಎಷ್ಟು ಹೊತ್ತು ಕೂರಲಿ?
ಕೈಗೆ ಕಾನೂನು ಗೊತ್ತಿಲ್ಲ.
ಕೋಟು ಕಳಚಿ, ಕುರ್ಚಿಗೆ ಹಾಕಿ,
ದೊಡ್ಡ ಟೀ ಕೆಟಲ್ಲು ಎತ್ತಿದೆ,
ಆಮೇಲೆ ಇಳಿಸಿದ್ದು ನಾಲ್ಕು ಗಂಟೆಗೆ.
ಅವಳ ಗಂಡ ಮ್ಯಾಲಕಿಯ ಕಪ್ಪಿಗೂ ಸುರಿದೆ.
ಮುಖ ಎತ್ತದೆ ಅಂದ: "ಥ್ಯಾಂಕ್ಯೂ ಮಿಸ್."
ಅವನ ಮದುವೆಯಲ್ಲಿ ಹೂವು ಹಿಡಿದವಳು ನಾನು.

ಮನೆಗೆ ಬಂದು ಕೋಟಿನ ಜೇಬಿಗೆ ಕೈ ಹಾಕಿದರೆ
ನಾಲ್ಕು ಮಡಿಕೆಯಾಗಿ ಮಡಚಿದ ಇಪ್ಪತ್ತು ಯೂರೋ.
ಫಿಂಟನ್ನೇ. ಇನ್ನಾರು?
ಟೀ ಡಬ್ಬಿಯ ಕೆಳಗಿಟ್ಟೆ. ಇನ್ನೂ ಅಲ್ಲೇ ಇದೆ.

ಸೋಮವಾರ. ಕಚೇರಿಯ ಗಾಜಿನಾಚೆ ಡಿಂಪ್ನಾ,
ನನಗಿಂತ ಎರಡು ಕ್ಲಾಸು ಕೆಳಗೆ ಓದಿದವಳು.
ಚೀಟಿಯ ಮೇಲೆ ಬೆರಳು ಓಡಿಸಿದಳು:
ಸೊನ್ನೆ, ಇಂಟು, ಇಂಟು, ಇಂಟು, ಸೊನ್ನೆ,
ಬೆರಳು ನಿಂತಿತು.
"ಶನಿವಾರ ಖಾಲಿ ಬಿಟ್ಟಿದ್ದೀಯಲ್ಲ."

ಮಣ್ಣಿಗೆ ಹೋಗಿದ್ದೆ, ಅಂದೆ.
"ಗೊತ್ತು," ಅಂದಳು. "ನಾನೂ ಇದ್ದೆ, ಕಿಟಕಿಯ ಪಕ್ಕ."
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಅವಳು ಚೀಟಿಯನ್ನು ನನ್ನ ಕಡೆಗೆ ತಿರುಗಿಸಿದಳು,
ಗಾಜಿನ ಸಂದಿಯಿಂದ ಪೆನ್ನು ಉರುಳಿಸಿದಳು.
"ನೀನು ಕೊಟ್ಟ ಚಹಾ
ಬಿಸಿಯಾಗಿತ್ತು."