ಮೂರು ಎಂದಾಗಲೋ, ಮೂರು ಆದ ಮೇಲೋ

ಶನಿವಾರ ರಾತ್ರಿ ಒಂಬತ್ತೂವರೆಗೆ
ಬಾಳಿಗಾ ಮಾಮ ಫೋನಿನಲ್ಲಿ ಎಣಿಸುತ್ತಾರೆ:
ಒಂದು, ಎರಡು, ಮೂರಕ್ಕೆ ಎಲ್ಲರೂ ಒತ್ತಬೇಕು.
ಮೂರು ಎಂದಾಗಲೋ, ಮೂರು ಆದ ಮೇಲೋ?
ನಾಲ್ಕು ವರ್ಷವಾಯಿತು, ಇತ್ಯರ್ಥವಾಗಿಲ್ಲ.

ಹಾಗಾಗಿ ಕುಲಶೇಖರದ ಲಿಲ್ಲಿ ಬಾಯಮ್ಮ
ಯಾವಾಗಲೂ ನಮಗಿಂತ ಮೂರು ಸೆಕೆಂಡು ಮುಂದೆ.
ನಮ್ಮ ಪರದೆಯಲ್ಲಿ ಬಾಗಿಲ ಹಿಡಿ ಇನ್ನೂ ತಿರುಗುತ್ತಿರುತ್ತದೆ,
ಅವರ "ಸಾಯ್ಬಾ ಭೊಗೊಸ್!" ಬಂದಾಗಿರುತ್ತದೆ.
ಕೊಲೆ ಆಮೇಲೆ.

ಹಳೇ ಕಪ್ಪು ಬಿಳುಪು ಚಿತ್ರಗಳು.
ಟೋಪಿಯಂಚಿನಿಂದ ನೀರು ತೊಟ್ಟಿಕ್ಕಿಸುತ್ತ ಬರುವ ಪತ್ತೇದಾರ,
ಕಡ್ಡಿ ಗೀರಿದರೆ ಅರ್ಧ ಮುಖ ಮಾತ್ರ ತೋರುವ ಹೆಂಗಸು
(ಉಳಿದರ್ಧ ಕೊನೆಯ ರೀಲಿಗೆ).
ಆ ಕಾಲದ ಕೊಲೆಗಾರರ ಮೇಲೆ ನನಗೊಂದು ಗೌರವ ಉಂಟು:
ಕೋಟಿನ ಗುಂಡಿ ಬೀಳಿಸಿ ಹೋಗುವಷ್ಟು ಸೌಜನ್ಯ ಈಗ ಯಾರಲ್ಲಿದೆ?
ಬೋಳಾರದಲ್ಲಿ ನಲವತ್ತು ವರ್ಷ ಹೊಲಿದವಳು ನಾನು,
ಗುಂಡಿ ಸುಮ್ಮನೆ ಉದುರುವುದಿಲ್ಲ ಮಾರಾಯ್ರೆ.
ಕಿತ್ತದ್ದೋ ಸವೆದದ್ದೋ, ನೂಲಿನ ತುದಿ ಹೇಳುತ್ತದೆ.
ಅದನ್ನು ಆ ಟೋಪಿಯವ ಒಮ್ಮೆಯೂ ನೋಡಿದ್ದಿಲ್ಲ.

ನಾವು ಐವರು. ಆರನೆಯದೊಂದು ಚುಕ್ಕಿ.
ಹೆಸರು ಬರೆಯುವಲ್ಲಿ ಬರೀ ಚುಕ್ಕಿ.
ಯಾರ ಕಡೆಯವನೆಂದು ಕೇಳಿದರೆ
ಎಲ್ಲರೂ ಮತ್ತೊಬ್ಬರ ಕಡೆಗೆ ಬೆರಳು.
ಮಾತಿಲ್ಲ, ನಗುವಿಲ್ಲ, ಮೈಕು ಮಾತ್ರ ಮುಚ್ಚುವುದಿಲ್ಲ:
ಹಿಂದಿನಿಂದ ಸದಾ ಒಂದು ಗುಂಯ್,
ನಡುನಡುವೆ ಗಾಜಿನ ಗುಡ್ಡ ಜರಿದಂಥ ಸದ್ದು.

"ಗಿರಣಿ" ಎಂದರು ಹಮ್ಮಬ್ಬ ಕಾಕ.
"ಆಸ್ಪತ್ರೆ, ಪಾಪ" ಎಂದರು ಲಿಲ್ಲಿ ಬಾಯಮ್ಮ.
ಬೆಂಗ್ರೆಯ ದೇಜಪ್ಪಣ್ಣ ಏನೂ ಅನ್ನದೆ
ಮುಂದಿನ ವಾರ ಕಿಟಕಿ ತೆರೆದಿಟ್ಟು ಕೂತರು.
ಸದ್ದು ಮೊದಲು ಹೊಳೆ ದಾಟಿ ಕಿಟಕಿಗೆ ಬಂತಂತೆ,
ಅದೇ ಸದ್ದು ಆಮೇಲೆ ಫೋನಿಗೆ.
"ದಕ್ಕೆ. ಐಸ್ ಪ್ಲಾಂಟು. ಗಡ್ಡೆ ಇಳಿಸುವುದು" ಎಂದು
ಬೀಡಿ ಹೊತ್ತಿಸಿಕೊಂಡರು. ಟೋಪಿ ಒಂದು ಇರಲಿಲ್ಲ.

ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆವು.
ಒಂದು ಶನಿವಾರ ದಕ್ಕೆಯ ಕಡೆ ಕರೆಂಟು ಹೋಯಿತು,
ಗುಂಯ್ ನಿಂತಿತು,
ಅದರಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ
ಒಂದು ತಗ್ಗಿದ ದನಿ ಬಿಡದೆ ಮಾತಾಡುತ್ತಿತ್ತು.
ಸುತ್ತ ಏಳೆಂಟು ಗಂಡಸರ ಉಸಿರು,
ಯಾರದೋ ಕೆಮ್ಮು, ಯಾರೋ ಗದರಿ ಸುಮ್ಮನಾಗಿಸಿದ್ದು.
ಚುಕ್ಕಿ ಒಬ್ಬನಲ್ಲ.

ಭಾಷೆ ನಮಗೆ ತಿಳಿಯದು.
ಬಾಳಿಗಾ ಮಾಮ ಬ್ಯಾಂಕಿನ ವರ್ಗದಲ್ಲಿ
ಬೆರ್ಹಾಂಪುರದಲ್ಲಿ ಮೂರು ವರ್ಷ ಮೆಸ್ಸಿನ ಅನ್ನ ಉಂಡವರು.
ಕಿವಿಗೊಟ್ಟರು. "ಒಡಿಯಾ.
ಇಂಗ್ಲಿಷು ಬಾರದವರಿಗೆ ಕತೆ ಹೇಳ್ತಿದ್ದಾನೆ."
ಸ್ವಲ್ಪ ಹೊತ್ತು ಬಿಟ್ಟು, "ಆದರೆ ಈ ಕತೆಯಲ್ಲ."

ಪರದೆಯಲ್ಲಿ ಪತ್ತೇದಾರ ಆ ಹೆಂಗಸಿಗೆ ಕೋಳ ತೊಡಿಸುತ್ತಿದ್ದ.
ದಕ್ಕೆಯ ಕತ್ತಲಲ್ಲಿ ಅವಳು ಅವನ ತಂಗಿ,
ನೆರೆಯಲ್ಲಿ ಕೈತಪ್ಪಿದವಳು;
ಕೋಳವಲ್ಲ ಅದು, ಅವ್ವನ ಬಳೆ;
ಸತ್ತವನು ಸಾಲದ ಪುಸ್ತಕ ಇಟ್ಟವನು,
ಜಾರಿ ಬಿದ್ದು ಸತ್ತ.
ಕೇಳುತ್ತಿದ್ದವರಲ್ಲಿ ಒಬ್ಬ ಮೂಗು ಸೀನಿದ.
ಕರೆಂಟು ಬಂತು. ಗುಂಯ್.

ಅವನನ್ನು ಕೇಳಿಬಿಡುವ ಎಂದರು ಹಮ್ಮಬ್ಬ ಕಾಕ.
ಕೇಳಿದರೆ ನಿಲ್ಲಿಸಿಯಾನು ಎಂದೆ ನಾನು.
ಎಲ್ಲರನ್ನೂ ಹಜಾರಕ್ಕೆ ಕರೆದು
ಗುಟ್ಟು ಬಿಚ್ಚುವ ಕೊನೆಯ ದೃಶ್ಯ
ಹಾಗೆ ನಮ್ಮಲ್ಲಿ ನಡೆಯಲೇ ಇಲ್ಲ.

ಈಗ ನಾವು ಚಿತ್ರದ ಸದ್ದು ತಗ್ಗಿಸಿ ಕೂರುತ್ತೇವೆ.
ಗುಂಯ್ ಸಂದಿನಲ್ಲಿ ಸಿಕ್ಕಷ್ಟನ್ನು
ಬಾಳಿಗಾ ಮಾಮ ಹೆಕ್ಕಿ ಕೊಡುತ್ತಾರೆ,
ಸಿಗದ್ದನ್ನು ಅವರೇ ಹೊಲಿಯುತ್ತಾರೆಂದು ನನ್ನ ಅನುಮಾನ;
ಎಳೆ ಬೇರೆ, ನನಗೆ ಗೊತ್ತಾಗುತ್ತದೆ.

ಎಣಿಕೆಯೂ ಈಗ ಅವರ ಲೆಕ್ಕದಲ್ಲೇ:
ಏಕ, ದುಇ, ತಿನಿ.
ತಿನಿ ಅಂದರೆ ಮೂರು, ತಿನ್ನಿ ಎಂದಲ್ಲ,
ಎಷ್ಟು ಸಲ ಹೇಳಿದರೂ ಲಿಲ್ಲಿ ಬಾಯಮ್ಮ
ಚಕ್ಕುಲಿ ಕಡಿಯುತ್ತಾರೆ, ಕಟುಂ ಎಂದು,
ಎಲ್ಲರಿಗಿಂತ ಮೂರು ಸೆಕೆಂಡು ಮುಂದೆ.